ಎರಡು ಗಂಟೆಯ ವಾಸನೆ

ನಾನೀಗ ಇರುವ ಊರಿನಲ್ಲಿ ಸಾರಿನ ವಾಸನೆ ಸಾರು ಕುದಿಯುವಾಗಲೇ ಬರುತ್ತದೆ. ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು, ನನಗಿನ್ನೂ ಇದು ಒಗ್ಗಿಲ್ಲ. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುತ್ತದೆ, ಆಗಲೇ ಇಂಗಿನ ಘಮ ಮೂಗಿಗೆ ಬಡಿಯುತ್ತದೆ, ಐದು ನಿಮಿಷಕ್ಕೆ ತಟ್ಟೆಯೂ ಮುಂದೆ ಬರುತ್ತದೆ. ಇದರಲ್ಲಿ ಏನು ಸುಖ ಹೇಳಿ! ಆಸೆಪಡುವುದಕ್ಕೇ ಪುರಸೊತ್ತಿಲ್ಲ. ನಮ್ಮೂರಿನಲ್ಲಿ ಹಾಗಲ್ಲ. ನಾಳೆ ಹನ್ನೆರಡು ಗಂಟೆಗೆ ಅವರೆಕಾಳಿನ ಸಾರು ಕುದಿಯುತ್ತದೆ ಅಂದರೆ ಇವತ್ತು ಹನ್ನೆರಡಕ್ಕೇ ಅದರ ವಾಸನೆ ಬಂದು ಹೋಗಿರುತ್ತಿತ್ತು. ಆಮೇಲೆ ಇಡೀ ಒಂದು ದಿನ ಬಾಯಲ್ಲಿ ನೀರೂರಿಸಿಕೊಂಡು ಕಾಯಬೇಕು. ಆ ಕಾಯುವುದರಲ್ಲೇ ಅರ್ಧ ಊಟ ಆಗಿಬಿಡುತ್ತಿತ್ತು.

ಊರಿನ ಹೆಸರು ಹೇಳಿದರೆ ನೀವು ನಕಾಶೆಯಲ್ಲಿ ಹುಡುಕುತ್ತೀರಿ, ಸಿಗುವುದಿಲ್ಲ, ಕೊನೆಗೆ ನನ್ನನ್ನೇ ಸುಳ್ಳಿ ಅನ್ನುತ್ತೀರಿ. ಅದಕ್ಕೇ ಹೇಳುವುದಿಲ್ಲ. ಅಲ್ಲಿ ಹುಟ್ಟಿದವರಿಗೆ ಅದೊಂದು ವಿಶೇಷವೇ ಅಲ್ಲ. ಹೇಳದೆ ಕೇಳದೆ ನೆಂಟರು ಬರುವುದೆಂಬುದೇ ನಮ್ಮಲ್ಲಿ ಇರಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ದೊಡ್ಡಪ್ಪನ ಬೀಡಿಯ ವಾಸನೆ ಬಂದರೆ, ನಾಳೆ ಬೆಳಿಗ್ಗೆಗೆ ದೊಡ್ಡಪ್ಪ ಅಂತ ನನ್ನವ್ವ ಒಂದು ಸೇರು ಅಕ್ಕಿ ಹೆಚ್ಚಿಗೆ ನೆನೆಹಾಕುತ್ತಿದ್ದಳು. ಮೂಲೆಮನೆಯ ಚೌಡಪ್ಪನ ಹೆಂಡತಿ ಗಂಡ ಮಲಗುವ ಚಾಪೆ ಮೂಸಿ ನೋಡಿ ರಂಪ ಮಾಡುವಳು. "ಇನ್ನೂ ಕುಡುದೇ ಇಲ್ವಲ್ಲಮ್ಮಿ, ನಾಳೆದಿಕ್ಕೆ ಇವತ್ತೇ ಯಾಕೆ ಬೈತೀಯೆ?" ಅಂತ ಅವನು ಅಳುವ ಹಾಗೆ ಕೇಳುವನು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಗುತ್ತಿತ್ತು. ಆ ನಗು ನೆನೆಸಿಕೊಂಡರೆ ಈಗಲೂ ನನಗೆ ಕಣ್ಣು ತುಂಬಿ ಬರುತ್ತದೆ.

ಇದರ ಜೊತೆಗೇ ಒಂದು ಪದ್ಧತಿಯೂ ಇತ್ತು, ವಾಸನೆ ತೀರಿಸುವುದು ಅಂತ. ಇವತ್ತು ಹಾಲು ಸೀದ ವಾಸನೆ ಬಂತು ಅನ್ನಿ. ನಾಳೆ ಏನೋ ಸೀಯುವುದು ಖಂಡಿತ. ಆದರೆ ಎಷ್ಟು ಸೀಯಬೇಕು ಅನ್ನುವುದು ನಮ್ಮ ಕೈಯಲ್ಲಿತ್ತು. ನಾಳೆ ಅದೇ ಹೊತ್ತಿಗೆ ಒಂದು ಸೌಟು ಹಾಲನ್ನು ಬೇಕೆಂದೇ ಸೀಯಿಸಿಬಿಟ್ಟರೆ ಅಲ್ಲಿಗೆ ವಾಸನೆ ತೀರಿತು, ಪಾತ್ರೆ ತುಂಬ ಹಾಲು ಉಳಿಯಿತು. ನನ್ನಜ್ಜಿ ಇದರಲ್ಲಿ ಪಳಗಿದ ಹೆಂಗಸು. ಊರವರೆಲ್ಲ ಅವಳನ್ನು ಕರೆದುಕೊಂಡು ಹೋಗಿ, ಬಂದದ್ದು ಯಾತರ ವಾಸನೆ, ಎಷ್ಟು ಸುಡಬೇಕು ಅಂತ ಕೇಳುತ್ತಿದ್ದರು. ಅವಳು ಒಂದೇ ಒಂದು ವಿಷಯದಲ್ಲಿ ಬಲು ಹಟದವಳು. "ಬಂದ ಹೊತ್ತಿಗೇ ತೀರಿಸ್ಬೇಕು ಕಣಮ್ಮಿ. ನಿನ್ನ ಅನುಕೂಲಕ್ಕೆ ಅದು ಕಾಯಾಕಿಲ್ಲ" ಅನ್ನುವಳು. ಅವಳ ಮೂಗು ನನಗೆ ಬಂತು, ಹಟ ಬರಲಿಲ್ಲ.

ನಮ್ಮೂರಿಗೆ ಗಾರ್ಮೆಂಟ್ಸ್ ಬಂದಾಗ ನನಗೆ ಹತ್ತೊಂಬತ್ತು. ಸಂತೆಮಾಳದ ಆಚೆ ಮೂರು ಮಹಡಿಯ ಕಟ್ಟಡ ಎದ್ದಿತು. ಕೆಳಗೆ ಬಟ್ಟೆಯ ಗೋಡೌನು ಮತ್ತು ಕಟಿಂಗು, ಮೊದಲ ಮಹಡಿಯಲ್ಲಿ ಇಸ್ತ್ರಿ ಮತ್ತು ಪ್ಯಾಕಿಂಗು, ಎರಡು ಮೂರರಲ್ಲಿ ಹೊಲಿಗೆಯ ಲೈನುಗಳು. ನಾಲ್ಕು ನೂರು ಹೆಂಗಸರು. ನಾನು ಇಸ್ತ್ರಿ ಟೇಬಲ್ಲಿಗೆ ಸೇರಿದೆ. ನನ್ನ ಜೀವದ ಗೆಳತಿ ಜಯಶೀಲ, ನಮ್ಮ ಬಾಯಲ್ಲಿ ಜಯಿ, ಮೂರನೇ ಮಹಡಿಯಲ್ಲಿ ಕಾಲರ್ ಹೊಲಿಯಲು ಸೇರಿದಳು. ಅವಳ ಮನೆ ನಮ್ಮ ಮನೆಗೆ ಬೆನ್ನು ಹಾಕಿಕೊಂಡಿತ್ತು. ಬೆಳಿಗ್ಗೆ ಏಳೂವರೆಗೆ ಹಿತ್ತಿಲಿನಿಂದ "ನಿಂಗಾಜೀ" ಅಂತ ಕೂಗಿದಳೆಂದರೆ ನಾನು ಜಡೆಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ. ಉಳಿದರ್ಧ ದಾರಿಯಲ್ಲಿ ಅವಳೇ ಹೆಣೆಯುತ್ತಿದ್ದಳು. ನಡೆಯುತ್ತಾ ಹೆಣೆದ ಜಡೆ, ಯಾವತ್ತೂ ನೆಟ್ಟಗಿರುತ್ತಿರಲಿಲ್ಲ.

ಕಷ್ಟದ ಕೆಲಸ, ಇಲ್ಲ ಅನ್ನುವುದಿಲ್ಲ. ಬೇಸಿಗೆಯಲ್ಲಿ ಇಸ್ತ್ರಿಯ ಹಬೆಗೆ ಮುಖ ಬೆಂದು ಕೆಂಪಾಗುತ್ತಿತ್ತು. ಮಿಷನ್ನಿನ ಸೂಜಿಗೆ ಇದ್ದ ಅಡ್ಡತಗಡು ಹೊಲಿಗೆಯ ವೇಗ ತಗ್ಗಿಸುತ್ತದೆ ಅಂತ ಸೂಪರ್‌ವೈಸರೇ ಬಿಚ್ಚಿಸಿಬಿಟ್ಟಿದ್ದ. ಸೂಜಿ ಚುಚ್ಚಿಸಿಕೊಳ್ಳದ ಬೆರಳು ಮೂರನೇ ಮಹಡಿಯಲ್ಲಿ ಒಂದೂ ಇರಲಿಲ್ಲ. ಪಾಯಿಖಾನೆಗೆ ಹೋಗಬೇಕಾದರೆ ಲೈನಿಗೊಂದು ಟೋಕನ್ನು. ಆದರೂ ನನಗೆ ನೆನಪಾಗುವುದು ಮಧ್ಯಾಹ್ನ ಒಂದು ಗಂಟೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ನಾವೆಲ್ಲ ಡಬ್ಬಿ ಬಿಚ್ಚಿ ಕೂರುತ್ತಿದ್ದೆವು. ಎದುರಿಗಿರುವುದು ಇವತ್ತಿನ ತಂಗಳು ಮುದ್ದೆ, ಮೂಗಿಗೆ ಬರುವುದು ನಾಳೆಯ ಡಬ್ಬಿಗಳ ವಾಸನೆ. "ನಿಂಗಾಜಿ, ನಾಳೆ ನಮ್ಮತ್ತೆ ಏನು ಕಟ್ತಾಳೆ ನೋಡು" ಅಂತ ಒಬ್ಬೊಬ್ಬಳೂ ನನ್ನ ಪಕ್ಕಕ್ಕೆ ಸರಿಯುವಳು. ನಾನು ದೊಡ್ಡ ಜೋಯಿಸರ ಹಾಗೆ ಕಣ್ಣು ಮುಚ್ಚಿ, "ನಿಂಗೆ ಹುಳಿಯನ್ನ. ನಿಂಗೆ ಕೋಳಿಸಾರು ಕಣೇ, ನಂಗೂ ಒಂದು ಚೂರು ಇಡು" ಅನ್ನುವೆ. ಬರೀ ಉಪ್ಪು ನೀರಿನ ಸಾರನ್ನು ನಾಳೆಯ ಕೋಳಿಸಾರಿನ ಘಮದಲ್ಲಿ ಉಂಡವರು ನಾವು. ಆ ರುಚಿ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಒಂದು ಸಲ ಹೊರಗಿನಿಂದ ಇನ್‌ಸ್ಪೆಕ್ಟರೊಬ್ಬರು ಬಂದರು. ಬೆಂಕಿ ಬಿದ್ದರೆ ಬಾರಿಸುವ ಗಂಟೆ ಎಲ್ಲಿ, ಹಿಂದಿನ ಮೆಟ್ಟಿಲಿಗೆ ಯಾಕೆ ಬೀಗ, ಅದರ ತುಂಬ ರಟ್ಟಿನ ಪೆಟ್ಟಿಗೆಗಳು ಯಾಕೆ ಅಂತ ಕೇಳಿದರು. ನಮ್ಮ ಮ್ಯಾನೇಜರ್ ಸಂಪತ್ಕುಮಾರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡುವ ಮನುಷ್ಯ. "ಸಾರ್, ಈ ಊರಲ್ಲಿ ಬೆಂಕಿ ಒಂದು ದಿನ ಮೊದಲೇ ಹೇಳಿ ಕಳಿಸಿ ಬರುತ್ತೆ. ನಮಗ್ಯಾಕೆ ಸಾರ್ ಗಂಟೆ?" ಅಂದರು. ಅಷ್ಟು ಹೇಳಿ ನನ್ನನ್ನು ಮುಂದಕ್ಕೆ ಕರೆದು, "ಇವಳೇ ನೋಡಿ ನಮ್ಮ ಗಂಟೆ" ಅಂತ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯಿಯಂತೂ ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು. ಸುಳ್ಳು ಯಾಕೆ ಹೇಳಲಿ, ನಾನು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ಅವರು ಹಾಗಂದಾಗ ಒಂದು ಮಾತು ಯಾರಿಗೂ ಹೊಳೆಯಲಿಲ್ಲ. ವಾಸನೆ ನಿನ್ನೆಯೇ ಬಂದು ಹೋಗಿರುವುದರಿಂದ ನಮ್ಮೂರಿನಲ್ಲಿ ಏನಾದರೂ ಸುಡುವಾಗ ವಾಸನೆಯೇ ಇರುವುದಿಲ್ಲ. ಅಡುಗೆಮನೆಯಲ್ಲಿ ಪರವಾಗಿಲ್ಲ, ಒಲೆಯ ಮುಂದೆ ಕಣ್ಣಿಟ್ಟು ಕೂರುತ್ತೇವೆ. ನೂರಿಪ್ಪತ್ತು ಮಿಷನ್ನುಗಳ ಸದ್ದಿನಲ್ಲಿ, ತಗ್ಗಿಸಿದ ತಲೆ ಎತ್ತಲಾಗದ ಹೆಣ್ಣುಮಕ್ಕಳಿಗೆ, ಎರಡು ಮೂರು ಮಹಡಿ ಕೆಳಗೆ ಹತ್ತಿದ್ದು ಹೇಗೆ ಗೊತ್ತಾಗಬೇಕು?

ಜಯಿಗೆ ಗಂಡು ಗೊತ್ತಾಯಿತು. ಮಗ್ಗದ ಬೀದಿಯ ಹುಡುಗ, ಒಳ್ಳೆಯವನು, ಮಾತು ಕಡಿಮೆ. "ಮಾತೆಲ್ಲ ನಂದೇ ಬುಡು" ಅಂತ ಜಯಿ ನಕ್ಕಿದ್ದಳು. ಶುಕ್ರವಾರ ಬೆಳಿಗ್ಗೆ ವೀಳ್ಯಶಾಸ್ತ್ರ ಇಟ್ಟುಕೊಂಡಿದ್ದರು. ಅವಳಿಗೆ ಅಪ್ಪ ಇಲ್ಲ. ತಾಯಿ ಮಂಚಮ್ಮ, ನಾನು ಮಂಚಮ್ಮತ್ತೆ ಅನ್ನುತ್ತಿದ್ದೆ, ಹದಿನೈದು ದಿನದಿಂದ ಮನೆಗೆ ಸುಣ್ಣ ಬಳಿದು, ಅಕ್ಕಪಕ್ಕದವರ ಪಾತ್ರೆ ತಂದು ಪೇರಿಸಿಟ್ಟು, ಒಬ್ಬಳೇ ಓಡಾಡುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಅದೇ ವಾರ ಶಿಪ್‌ಮೆಂಟಿನ ಗಲಾಟೆ. ಗುರುವಾರ ಸಂಜೆಯೊಳಗೆ ಜಯಿ ತನ್ನ ಪಾಲಿನ ಕಾಲರ್ ಮುಗಿಸಿದರೆ ಮಾತ್ರ ಶುಕ್ರವಾರ ರಜ ಅಂತ ಸೂಪರ್‌ವೈಸರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಚೂರು ಬಟ್ಟೆ ಸುಟ್ಟ ವಾಸನೆ ಬಂತು. ಬಂದಷ್ಟೇ ಬೇಗ ಹೋಯಿತು. ನಾನು ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೆಳಗಿಳಿದು ಇಸ್ತ್ರಿ ಕೈಗೆ ತೆಗೆದುಕೊಂಡಿದ್ದೆ ಅಷ್ಟೆ, ಸರಿಯಾಗಿ ಎರಡು ಗಂಟೆಗೆ ಮತ್ತೆ ಬಂತು. ಅಬ್ಬಾ, ಅದು ಬಂದ ರೀತಿಯೇ! ಕೆಳಗಿನಿಂದ ಎದ್ದು ಮೆಟ್ಟಿಲು ಹತ್ತಿ, ಮೂರು ಮಹಡಿಯನ್ನೂ ತುಂಬಿತು. ಬಟ್ಟೆ, ನೂಲು, ಗುಂಡಿ, ರಟ್ಟು, ಎಲ್ಲ ಒಟ್ಟಿಗೆ ಸುಡುವ ವಾಸನೆ. ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡು ಕೆಮ್ಮುತ್ತಾ ಹೊರಗೆ ಓಡಿಬಂದರು. ಒಂದು ಎಳೆ ಹೊಗೆಯಿಲ್ಲ, ಒಂದು ಕಿಡಿಯಿಲ್ಲ. ಅಂಗಳದಲ್ಲಿ ನಾಲ್ಕು ನೂರು ಜನ ನಿಂತು ನಾಳೆಯ ಬೆಂಕಿಯನ್ನು ಮೂಸಿದೆವು. ಅದು ಬೈಗಾಗುವವರೆಗೂ ಹೋಗಲಿಲ್ಲ.

"ನಾಳೆ ಯಾರೂ ಬರಾಕಿಲ್ಲ ಸಾ" ಅಂದಳು ಕಟಿಂಗಿನ ಹಿರಿಯಳು ಸಾಕಮ್ಮ. ಸಂಪತ್ಕುಮಾರ್ ಕೈ ಮುಗಿದರು. "ತಾಯಿ, ನೀವೇ ಹಿಂಗಂದ್ರೆ ಹೆಂಗೆ? ನಿಮ್ಮೂರಲ್ಲಿ ಇದಕ್ಕೆ ದಾರಿ ಇಲ್ವಾ? ತೀರಿಸಿಬಿಡೋಣ. ಒಂದು ಮೂಟೆ ಚೂರುಬಟ್ಟೆ ಸುಡೋಣ, ಎರಡು ಮೂಟೆ ಸುಡೋಣ, ನಿಂಗಾಜಿ ಎಷ್ಟು ಹೇಳ್ತಾಳೋ ಅಷ್ಟು" ಅಂದರು. ಎರಡು ಗಂಟೆಗೇ ಸುಡಬೇಕು ಸಾರ್ ಅಂದೆ ನಾನು. "ಎರಡು ಗಂಟೆಗೆ ನಾಲ್ಕು ನೂರು ಜನ ಕೆಲಸ ಬಿಟ್ಟು ಅಂಗಳದಲ್ಲಿ ನಿಂತ್ರೆ ಶಿಪ್‌ಮೆಂಟು ಹೋದ ಹಾಗೇನೇ ಬಿಡಮ್ಮ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಗೇಟಲ್ಲಿ ಇರ್ತೀರಲ್ಲ, ಆಗ್ಲೇ ಮುಗಿಸೋಣ. ಸುಡೋದು ಸುಟ್ಟರೆ ಆಯ್ತಲ್ಲ, ಬೆಂಕಿಗೆ ಗಡಿಯಾರ ಗೊತ್ತಾ?" ಅಂತ ನಕ್ಕರು. ಒಂದಿಬ್ಬರು ಅವರ ಜೊತೆ ನಕ್ಕರು. ನಾನೂ ಸುಮ್ಮನಾದೆ.

ಗುರುವಾರ ಬೆಳಿಗ್ಗೆ ಜಯಿಯೂ ನಾನೂ ಹೊರಟೆವು. ಹಿತ್ತಿಲು ದಾಟುವಾಗಲೇ ಸೇವಂತಿಗೆ ಹೂವಿನ ವಾಸನೆ ಕವಿದುಕೊಂಡಿತು. ಹೂವು, ಊದಿನಕಡ್ಡಿ, ಕರ್ಪೂರ. "ನೋಡಮ್ಮಿ, ನಮ್ಮ ಮನೆ ಶಾಸ್ತ್ರದ ಹೂವು!" ಅಂತ ಜಯಿ ನನ್ನ ಸೊಂಟ ಚಿವುಟಿದಳು. ಮುಖವೆಲ್ಲ ಅರಳಿತ್ತು. ನಾನು ಮೂಗು ಅರಳಿಸಿ ಹುಡುಕಿದೆ. ಹೂವಿನದೇನೋ ಬೇಕಾದಷ್ಟಿತ್ತು, ಅಡುಗೆಯದು ಮಾತ್ರ ಒಂದು ಚೂರೂ ಇಲ್ಲ. ಒಗ್ಗರಣೆ ಇಲ್ಲ, ತುಪ್ಪವಿಲ್ಲ, ಪಾಯಸವಿಲ್ಲ. ಅವಳ ಮನೆಯಲ್ಲಿ ಮಾತ್ರವಲ್ಲ, ಬೀದಿಯುದ್ದಕ್ಕೂ ಯಾರ ಮನೆಯಲ್ಲೂ ನಾಳೆಯ ಒಲೆಯ ಘಮವೇ ಇಲ್ಲ. ನನಗೆ ನಗು ಬಂತು. "ಏನಮ್ಮಿ, ಬೀಗರಿಗೆ ಬರೀ ಹೂವು ತಿನ್ಸಿ ಕಳಿಸ್ತೀರಾ? ಹಿಟ್ಟಿಗೂ ಗತಿ ಇಲ್ವಾ ನಿಮ್ಮನೇಲಿ?" ಅಂದೆ. "ಹೋಗೇ, ನಿನ್ನೆಯ ಸುಟ್ಟ ವಾಸ್ನೆಗೆ ನಿನ್ನ ಮೂಗು ಕೆಟ್ಟು ಕೂತದೆ" ಅಂದಳು. ಇದ್ದರೂ ಇರಬಹುದು ಅಂದುಕೊಂಡೆ. ದಾರಿಯಲ್ಲಿ ಸಿಕ್ಕ ಎಲ್ಲರೂ ಅದನ್ನೇ ಹೇಳಿದರು, ಇವತ್ತು ಮೂಗೇ ಸರಿಯಿಲ್ಲ ಕಣಮ್ಮಿ ಅಂತ.

ಗೇಟಿನಲ್ಲಿ ಎರಡು ಮೂಟೆ ಚೂರುಬಟ್ಟೆ ಕಾದಿತ್ತು. ವಾಚ್‌ಮನ್ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಉರಿ ಭಗ್ಗನೆ ಎದ್ದಿತು. ವಾಸನೆಯಿಲ್ಲದ ಉರಿ, ನಮಗೆ ಅದು ರೂಢಿ. ಕಾಲು ಗಂಟೆಯಲ್ಲಿ ಮೂಟೆಗಳು ಬೂದಿಯಾದವು. ಆಗ ನನಗೆ ಹೊಳೆಯಿತು, ನೆತ್ತಿಯ ಮೇಲೆ ತಣ್ಣೀರು ಬಿದ್ದ ಹಾಗೆ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಇಲ್ಲೇ ಗೇಟಿನಲ್ಲಿ ಬಂದು ಹೋಗಿತ್ತಲ್ಲ ಚೂರು ವಾಸನೆ, ಈ ಮೂಟೆಗಳದ್ದು ಅದು. ಇಷ್ಟೇ ಇವುಗಳ ಪಾಲು. ಎರಡು ಗಂಟೆಗೆ ಬಂದದ್ದು ಬೇರೆ. ಅದು ಇನ್ನೂ ಹಾಗೇ ಇದೆ.

"ಏನಮ್ಮ ನಿಂಗಾಜಿ, ತೀರ್ತಾ? ಒಳಗೆ ಕಳಿಸ್ಲಾ?" ಅಂತ ಸಂಪತ್ಕುಮಾರ್ ಗಡಿಯಾರ ನೋಡಿಕೊಂಡರು. ನಾಲ್ಕು ನೂರು ಮುಖಗಳು ನನ್ನ ಕಡೆ ತಿರುಗಿದವು. ಜಯಿ ನನ್ನ ಪಕ್ಕಕ್ಕೆ ಬಂದು ಮೊಣಕೈಯಲ್ಲಿ ತಿವಿದಳು. "ತೀರ್ತು ಅಂದ್ಬುಡೆ ನನ್ನವ್ವ. ಎಂಬತ್ತು ಕಾಲರ್ ಬಾಕಿ ಅವೆ. ಹೊತ್ತಾದ್ರೆ ನಾಳೆ ರಜ ಕೊಡಾಕಿಲ್ಲ, ನನ್ನ ಶಾಸ್ತ್ರಕ್ಕೆ ನಾನೇ ಇರಾಕಿಲ್ಲ" ಅಂದಳು. ನಾನು ಅವಳ ಮುಖ ನೋಡಿದೆ. ಒಂದೂವರೆಗೆ ಮ್ಯಾನೇಜರ ಹತ್ತಿರ ಹೋಗಿ, ಎರಡಕ್ಕೆ ಸರಿಯಾಗಿ ಇನ್ನೆರಡು ಮೂಟೆ ಸುಡಿಸಿದರಾಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಬಾಯಿಂದ ಬಂದೇ ಬಂತು, "ತೀರ್ತು ಸಾರ್" ಅಂತ. ಹೋ ಅಂತ ಎಲ್ಲರೂ ಒಳಗೆ ನುಗ್ಗಿದರು. ಜಯಿ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತಾ ಮೇಲೆ ಹೋದಳು. ನಾನು ಅವಳನ್ನು ನೋಡಿದ್ದು ಅದೇ ಕಡೆಯ ಸಲ, ಮಧ್ಯಾಹ್ನದ ಊಟಕ್ಕೂ ಅವಳು ತಾರಸಿಗೆ ಬರಲಿಲ್ಲ.

ಒಂದೂವರೆಗೆ ಹೋದೆ, ಹೋಗಲಿಲ್ಲ ಅಂತ ಅಂದುಕೊಳ್ಳಬೇಡಿ. ಸಂಪತ್ಕುಮಾರ್ ಫೋನಿನಲ್ಲಿದ್ದರು. ಕಾದು ನಿಂತು, "ಸಾರ್, ಇನ್ನೊಂದು ಸಲ ಸುಡಬೇಕು, ಬೆಳಿಗ್ಗೆದು ಅದಲ್ಲ" ಅಂದೆ. ಅವರ ಮುಖದ ನಯವೆಲ್ಲ ಇಳಿದುಹೋಯಿತು. "ಏನಮ್ಮ ಆಟ ಆಡ್ತೀಯಾ? ಎಲ್ಲರ ಎದುರಿಗೆ ತೀರ್ತು ಅಂದವಳು ನೀನು ತಾನೆ? ಈಗ ಹೋಗಿ ಇದನ್ನ ಹೇಳಿದ್ರೆ ನಾಲ್ಕು ನೂರು ಜನ ಎದ್ದು ಹೊರಡ್ತಾರೆ. ಬಾಯ್ ಮುಚ್ಕೊಂಡು ಇಸ್ತ್ರಿ ಮಾಡು ಹೋಗು" ಅಂದರು. ಮೇಲೆ ಹೋಗಿ ಜಯಿಯನ್ನಾದರೂ ಎಳೆದುಕೊಂಡು ಬರಲೇ ಅಂತ ಮೆಟ್ಟಿಲ ಬಳಿ ನಿಂತೆ. ನನ್ನ ಸೂಪರ್‌ವೈಸರ್ ಹೆಸರು ಹಿಡಿದು ಕೂಗಿದ. ನಾನು ಟೇಬಲ್ಲಿಗೆ ಹೋದೆ. ಹೋದೆ, ಅಷ್ಟೆ. ಇದಕ್ಕೆ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಎರಡು ಗಂಟೆಗೆ ಕೆಳಗಿನ ಗೋಡೌನಿನಲ್ಲಿ, ಸಿಪ್ಪೆ ಸುಲಿದ ವೈರಿನಿಂದ ಬಟ್ಟೆಯ ಥಾನುಗಳಿಗೆ ಬೆಂಕಿ ಹತ್ತಿತು. ಹೊಗೆ ಕಣ್ಣಿಗೆ ಕಂಡಾಗಲೇ ನಮಗೆ ಗೊತ್ತಾದದ್ದು. ಮೊದಲ ಮಹಡಿಯವರು ಮುಂದಿನ ಮೆಟ್ಟಿಲಿನಿಂದ ಉರುಳಿಕೊಂಡು ಇಳಿದೆವು. ಎರಡನೆಯ ಮಹಡಿಯವರು ಮುಕ್ಕಾಲು ಪಾಲು ಬಂದರು. ಮೂರನೆಯ ಮಹಡಿಯಲ್ಲಿ ಮಿಷನ್ನುಗಳು ಇನ್ನೂ ಓಡುತ್ತಿದ್ದವು. ಅಂಗಳದಲ್ಲಿ ನಿಂತ ನನಗೆ ಆ ಸದ್ದು ಕೇಳಿಸುತ್ತಿತ್ತು. "ಜಯೀ! ಜಯೀ!" ಅಂತ ನಾನು ಗಂಟಲು ಹರಿದುಕೊಂಡೆ. ಮೆಟ್ಟಿಲು ಹತ್ತಲು ಹೋದವಳನ್ನು ವಾಚ್‌ಮನ್ ಜಡೆ ಹಿಡಿದು ಎಳೆದುಹಾಕಿದ. ಮಿಷನ್ನುಗಳು ನಿಂತಾಗ ಮುಂದಿನ ಮೆಟ್ಟಿಲು ಹೊಗೆಯಿಂದ ತುಂಬಿತ್ತು. ಅವರು ಹಿಂದಿನ ಮೆಟ್ಟಿಲಿಗೆ ಓಡಿದರಂತೆ. ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆದು, ಬಾಗಿಲವರೆಗೂ ದಾರಿ ಮಾಡಿಕೊಂಡಿದ್ದರಂತೆ. ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಮೂವತ್ತೊಂದು ಜನ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಸಿಕ್ಕಿದವಳು ಜಯಿ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಬೀದಿಯಲ್ಲಿ ಸೇವಂತಿಗೆ ಹೂವು, ಊದಿನಕಡ್ಡಿ, ಕರ್ಪೂರ. ವಾಸನೆಯಿಲ್ಲದ ಹೂವು, ರಾಶಿ ರಾಶಿ. ಊರಿನಲ್ಲಿ ಒಬ್ಬರ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಹಿಂದಿನ ದಿನ ನಾನು ಮಾಡಿದ ತಮಾಷೆ ನನಗೆ ಆಗ ಅರ್ಥವಾಯಿತು. ಹಿತ್ತಿಲ ಗೋಡೆಗೆ ತಲೆ ಕೊಟ್ಟು ಅಳುತ್ತಾ ನಿಂತೆ, ಮಂಚಮ್ಮತ್ತೆಯ ಮನೆಗೆ ಹೋಗುವ ಧೈರ್ಯ ಬರಲಿಲ್ಲ.

ಹೊರಗಿನಿಂದ ಅಧಿಕಾರಿಗಳು ಬಂದರು, ಬರೆದುಕೊಂಡರು. ಸಂಪತ್ಕುಮಾರ್ ಅವರೆದುರು ಕಣ್ಣೊರೆಸಿಕೊಂಡು, "ಎಲ್ಲ ಕ್ರಮ ತಗೊಂಡಿದ್ವಿ ಸಾರ್. ನಿಂಗಾಜಿ ಅನ್ನೋಳು ತೀರ್ತು ಅಂದ ಮೇಲೇನೇ ಒಳಗೆ ಬಿಟ್ಟಿದ್ದು" ಅಂದರಂತೆ. ಬೀಗದ ಮಾತು, ಗಂಟೆಯ ಮಾತು ಎಲ್ಲ ಹಿಂದಕ್ಕೆ ಸರಿದು ನನ್ನ ಮಾತೊಂದೇ ಉಳಿಯಿತು. ಊರವರು ನನ್ನೆದುರು ಏನೂ ಅನ್ನಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಬೀಗ ಹಾಕಿದವರು ಬೇರೆ ಅಂತ ನನಗೂ ಗೊತ್ತಿತ್ತು. ಆದರೂ ಆ ಬೀಗದವರೆಗೆ ಅವಳನ್ನು ಕಳಿಸಿದ ಮಾತು ನನ್ನದು.

ಹದಿನೇಳನೆಯ ದಿನ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ನಶ್ಯದ ಪುಡಿಯ ವಾಸನೆ ಬಂತು. ನಮ್ಮಿಡೀ ಬೀದಿಯಲ್ಲಿ ನಶ್ಯ ಏರಿಸುವ ಹೆಂಗಸು ಒಬ್ಬಳೇ, ಮಂಚಮ್ಮತ್ತೆ. ನಾಳೆ ಈ ಹೊತ್ತಿಗೆ ಅವಳು ಇಲ್ಲಿ ನಿಂತಿರುತ್ತಾಳೆ. ಚೀಲಕ್ಕೆ ಎರಡು ಸೀರೆ ತುಂಬಿ ಅಕ್ಕನ ಊರಿಗೆ ಹೊರಟೆ. ಹೊಸಿಲವರೆಗೆ ಹೋದೆ. ಅವಳು ಖಾಲಿ ಮನೆಗೆ ಬಂದು ನಿಂತುಕೊಳ್ಳುವುದು ಕಣ್ಣಿಗೆ ಕಟ್ಟಿತು. ಬಂದರೆ ಬರಲಿ, ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂತ ಚೀಲ ಬಿಚ್ಚಿ ಸೀರೆ ಎತ್ತಿಟ್ಟೆ.

ಮಾರನೆಯ ದಿನ ಅದೇ ಹೊತ್ತಿಗೆ ಅವಳು ಬಂದಳು. ಕಂಕುಳಲ್ಲಿ ಒಂದು ತಲೆದಿಂಬು. ಜಯಿಯದು, ನೀಲಿ ಗೀಟಿನದು. ಕೂರು ಅಂದರೂ ಕೂರಲಿಲ್ಲ. "ನಿಂಗಾಜಿ, ನನ್ನ ಮೂಗು ನಶ್ಯಕ್ಕೆ ಸತ್ತು ಯಾವ ಕಾಲ ಆಯ್ತೋ. ಇದ್ರಲ್ಲಿ ಅವಳ ತಲೆ ವಾಸ್ನೆ ಅದಾ, ನೋಡಿ ಹೇಳು" ಅಂದಳು. ನಾನು ದಿಂಬಿಗೆ ಮುಖ ಒತ್ತಿದೆ. ಸೀಗೆಪುಡಿ, ಕೊಬ್ಬರಿ ಎಣ್ಣೆ, ಕೂದಲಿಗೆ ಅಂಟುತ್ತಿದ್ದ ಹತ್ತಿಯ ಧೂಳು. ಜಯಿ ಇದ್ದಳು. "ಅದೆ ಅತ್ತೆ" ಅಂದೆ. "ಇವತ್ತು ಬಂದ್ರೆ ನಾಳಿಕ್ಕೂ ಇರ್ತಾಳೆ ಅಂತ ತಾನೆ ಅರ್ಥ?" ಅಂದಳು. ಹೂಂ ಅಂದೆ. "ನಾಳೆ ನೀನೇ ಮನೆಗೆ ಬಂದು ನೋಡಿ ಹೇಳು" ಅಂತ ದಿಂಬು ಎತ್ತಿಕೊಂಡು ಹೋದಳು.

ಹೀಗೆ ನಾನು ದಿನಾ ಹೋಗತೊಡಗಿದೆ. ಗೋಡೆಗಳಿಗೆ ಶಾಸ್ತ್ರಕ್ಕೆಂದು ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಅವಳು ದಿಂಬು ತಂದು ತೊಡೆಯ ಮೇಲೆ ಇಡುವಳು, ನಾನು ಮುಖ ಒತ್ತುವೆ, "ಅದೆ ಅತ್ತೆ, ನಾಳಿಕ್ಕೂ ಇರ್ತಾಳೆ" ಅನ್ನುವೆ. ಅಷ್ಟಾದ ಮೇಲೆ ಅವಳು ಎದ್ದು ಒಲೆ ಹಚ್ಚುವಳು. ಆ ಮಾತು ಕೇಳದೆ ಅವಳು ಉಣ್ಣುತ್ತಲೇ ಇರಲಿಲ್ಲ ಅಂತ ಪಕ್ಕದ ಮನೆಯವರು ಹೇಳಿದರು. ಕೆಲವು ದಿನ ನಾವಿಬ್ಬರೂ ಜಯಿಯ ಮಾತಾಡಿಕೊಂಡು ನಕ್ಕದ್ದೂ ಉಂಟು, ಅವಳು ಇನ್‌ಸ್ಪೆಕ್ಟರ್ ಎದುರು ಶಿಳ್ಳೆ ಹಾಕಿದ್ದು, ಚಿಕ್ಕಂದಿನಲ್ಲಿ ಮೇಕೆಗೆ ರಿಬ್ಬನ್ನು ಕಟ್ಟಿದ್ದು. ಬೆಂಕಿಯ ಮಾತನ್ನು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಿನ ಕಳೆದ ಹಾಗೆ ಎಣ್ಣೆಯ ವಾಸನೆ ಮೊದಲು ಹೋಯಿತು, ಆಮೇಲೆ ಸೀಗೆಯದು. ಕೊನೆಗೆ ಉಸಿರು ಹಿಡಿದು ಹುಡುಕಿದರೆ ಎಲ್ಲೋ ಒಂದು ಎಳೆ ಸಿಗುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಮಂಗಳವಾರ. ದಿಂಬಿನ ಈ ಮಗ್ಗುಲು ನೋಡಿದೆ, ಆ ಮಗ್ಗುಲು ನೋಡಿದೆ, ಹೊಲಿಗೆಯ ಸಂದಿಗೆ ಮೂಗಿಟ್ಟು ನೋಡಿದೆ. ಬರೀ ಹತ್ತಿ, ಬರೀ ಬಟ್ಟೆ. ನಾಳೆಗೆ ಅವಳು ಇರಲಿಲ್ಲ. ತಲೆ ಎತ್ತಿದರೆ ಮಂಚಮ್ಮತ್ತೆ ನನ್ನ ಬಾಯನ್ನೇ ನೋಡುತ್ತಿದ್ದಳು, ಪಕ್ಕದಲ್ಲಿ ತೊಳೆದಿಟ್ಟ ಅಕ್ಕಿ. ಅದೆ ಅತ್ತೆ ಅನ್ನುವುದಕ್ಕೆ ನನಗೆ ಎಷ್ಟು ಹೊತ್ತು ಬೇಕು? ಅಂದರೆ ಅವಳು ಎದ್ದು ಒಲೆ ಹಚ್ಚುತ್ತಾಳೆ. ನಾಳೆಯೂ ಹಾಗೇ ಅನ್ನಬಹುದು, ನಾಡಿದ್ದೂ ಅನ್ನಬಹುದು. ಯಾರೂ ನನ್ನನ್ನು ಹಿಡಿಯಲಾರರು. ಮಾತು ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು. ಅದು ಬಂದ ಸಲೀಸು ನೋಡಿ ನನಗೇ ಹೆದರಿಕೆಯಾಯಿತು.

"ಇಲ್ಲ ಅತ್ತೆ" ಅಂದೆ. "ನಾಳಿಕ್ಕೆ ಇಲ್ಲ."

ಅವಳು ಅಳಲಿಲ್ಲ. ದಿಂಬನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲಿನ ಗೀಟುಗಳನ್ನು ಬೆರಳಿನಿಂದ ನೇವರಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು.

"ಆವತ್ತೂ ಹಿಂಗೇ ಹೇಳಾಕೆ ಏನಾಗಿತ್ತಮ್ಮಿ ನಿಂಗೆ?"

ಅವಳು ಎದ್ದು ಹೋಗಿ ಒಲೆ ಹಚ್ಚಿ ಅಕ್ಕಿ ಹಾಕಿದಳು, ಎರಡು ತಟ್ಟೆ ಇಟ್ಟಳು.